ಸರಪಂಚ ಕುದುರೆಯ ಮುಕ್ಕಾಮುಗಳು

ನಕ್ಷೆ ಓದಲು ಕಲಿತ ಮೊದಲ ವಾರ ಮನಿಷಾ ಒಂದೇ ಗುಡ್ಡವನ್ನು ಕುದುರೆಯ ಮೇಲೆ ನಲವತ್ತು ನಿಮಿಷ ಸುತ್ತಿ, ಹೊರಟ ಜಾಗಕ್ಕೇ ಬಂದು ನಿಂತಳು.

"ದಾರಿ ಭಾಳ ಸಪಾಟ ಇತ್ರಿ ಮ್ಯಾಡಂ," ಎಂದಳು ಇಳಿಯುತ್ತ. "ಏರಿಲ್ಲ, ಇಳಕಲಿಲ್ಲ. ಆದ್ರ ಎಲ್ಲಿಗೂ ಹೋಗಲಿಲ್ಲ."

ನಕ್ಷೆ ಕಲಿಸುವ ಪ್ರೇರಣಾ ಮ್ಯಾಡಂ ಅದನ್ನು ಇಸಿದುಕೊಂಡು ನೋಡಿದರು. ಮನಿಷಾ ಒಂದು ಕಂದು ಗೆರೆಯ ಮೇಲೆ ಪೆನ್ಸಿಲಿನಿಂದ ಬಾಣಗಳನ್ನು ಹಾಕಿಕೊಂಡಿದ್ದಳು. ಅದು ದಾರಿಯಲ್ಲ, ಎತ್ತರದ ಗೆರೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಕೂಡಿಸಿ ಎಳೆದದ್ದು. ಅದನ್ನು ಹಿಡಿದು ಹೊರಟವರು ಗುಡ್ಡದ ಸೊಂಟಕ್ಕೆ ಉಡದಾರ ಕಟ್ಟಿದಂತೆ ಒಂದು ಸುತ್ತು ಹಾಕಿ ವಾಪಸು ಬರುತ್ತಾರೆ.

"ಇಷ್ಟ ನೀಟಾಗಿ ಇಲ್ಲೀತನಕ ಯಾರೂ ತಪ್ಪಿಲ್ಲ," ಎಂದರು ಮ್ಯಾಡಂ. "ಒಂದ್ ಮೀಟರ್ ಮ್ಯಾಲ ಹೋಗಿಲ್ಲ, ಒಂದ್ ಮೀಟರ್ ಕೆಳಗ ಇಳದಿಲ್ಲ. ನಾಳೆ ಇದನ್ನ ಅಡ್ಡ ದಾಟಾಕ ಕಲಿ."

ಮನಿಷಾಳ ತಪ್ಪು ಪೂರ್ತಿ ಅವಳದಲ್ಲ. ಅವಳು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ, ಬನಹಟ್ಟಿಯಿಂದ ಬಂದ ನೇಕಾರರ ಚಾಳಿನಲ್ಲಿ. ಅಲ್ಲಿ ಅವಳು ಹತ್ತಿದ ಅತಿ ಎತ್ತರದ ಜಾಗವೆಂದರೆ ಮಗ್ಗಕ್ಕೆ ನೂಲು ಸುತ್ತಿದ ಬೀಮು ತರುವ ಟೆಂಪೋದ ತಲೆ. ಅಪ್ಪ ರಾಯಪ್ಪ ಪರರ ಶೆಡ್ಡಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಅವ್ವ, ಚಿಕ್ಕವ್ವ, ಅಕ್ಕ ಎಲ್ಲರೂ ಕಾಂಡಿ ಮಷೀನಿನ ಮುಂದೆ ಕೂತು ಮಗ್ಗದ ಲಾಳಿಗೆ ಹಾಕುವ ಕಾಂಡಿಗೆ ನೂಲು ಸುತ್ತುವವರು. ಮನಿಷಾ ಮಾತ್ರ ಪೇಪರಿನ ತುಂಡು ಜಾಹೀರಾತೊಂದನ್ನು ನೋಡಿ ಕೊಲ್ಹಾಪುರಕ್ಕೆ ಹೋಗಿ, ಗೋಕುಳ ಶಿರಗಾಂವದ ಫೌಂಡ್ರಿಗಳಾಚೆ ಇದ್ದ ಕುದುರೆ ಸವಾರಿ ಕ್ಲಬ್ಬಿನಲ್ಲಿ ಲದ್ದಿ ತೆಗೆಯುವ ಕೆಲಸಕ್ಕೆ ಸೇರಿದ್ದಳು. ಒಂದೂವರೆ ವರ್ಷದಲ್ಲಿ ಸವಾರಿಯನ್ನೂ ಕಲಿತಿದ್ದಳು. ಅಪ್ಪನಿಗೆ ಇದು ಇಂದಿಗೂ ಅರ್ಥವಾಗಿರಲಿಲ್ಲ.

"ಲದ್ದಿ ಬಳ್ಯಾಕ ಕೊಲ್ಹಾಪುರಕ್ಕ ಹೋಗಬೇಕಿತ್ತೇನ್? ಇಚಲಕರಂಜ್ಯಾಗ ಎಮ್ಮಿ ಇಲ್ಲೇನ್?" ಎಂದು ಫೋನಿನಲ್ಲಿ ಕೇಳುತ್ತಿದ್ದ.

ದೀಪಾವಳಿಯ ಮುಂಚೆ ಕ್ಲಬ್ಬಿನ ಮಾಲೀಕರಾದ ಅವಿನಾಶ ಸಾಹೇಬರು ಒಂದು ಸುದ್ದಿ ಹೇಳಿದರು. ಗಡಹಿಂಗ್ಲಜದ ಹತ್ತಿರ ಅವರು ಒಂದು ಹೊಲ ಬಾಡಿಗೆಗೆ ಹಿಡಿದಿದ್ದರು. ಪುಣೆಯ ಪ್ರವಾಸಿಗಳನ್ನು ಅಲ್ಲಿಗೆ ಕರೆತಂದು ಕುದುರೆಯ ಮೇಲೆ ಗುಡ್ಡ ಕೆರೆ ತೋರಿಸುವುದು ಅವರ ಯೋಜನೆ. ಅದಕ್ಕೊಬ್ಬ ಗೈಡ್ ಬೇಕು. ಆ ಕಡೆ ಮೊಬೈಲಿಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಗೈಡಿಗೆ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಬಳಸಲು ಬರಲೇಬೇಕು. ಪ್ರೇರಣಾ ಮ್ಯಾಡಂ ಕಲಿಸುತ್ತಾರೆ, ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಪಾಸಾದವರಲ್ಲಿ ಒಬ್ಬರು ಗೈಡ್. ಉಳಿದವರನ್ನು ಕ್ಲಬ್ಬು ಈ ಹಂಗಾಮಿಗೆ ಇಟ್ಟುಕೊಳ್ಳುವುದಿಲ್ಲ.

ಮನಿಷಾ ಇದನ್ನು ಅಪ್ಪನಿಗೆ ಹೇಳಿದ್ದು ತಪ್ಪಾಯಿತು. ಅವನು ಎರಡನೇ ದಿನವೇ ಶೆಡ್ಡಿನವರೊಂದಿಗೆ ಮಾತಾಡಿ, ಸೋಮವಾರದಿಂದ ಅವಳಿಗೊಂದು ಕಾಂಡಿ ಮಷೀನು ಗೊತ್ತು ಮಾಡಿದ. ಪರೀಕ್ಷೆ ಇದ್ದದ್ದು ಅದರ ಹಿಂದಿನ ದಿನ, ರವಿವಾರ.

ಪರೀಕ್ಷೆಗೆ ಇಬ್ಬರೇ. ಇನ್ನೊಬ್ಬ ನಿಲೇಶ, ಅವಿನಾಶ ಸಾಹೇಬರ ಅಕ್ಕನ ಮಗ. ಅವನಿಗೆ ಬೂಟು, ಕೈಗವಸು, ಎದೆಗೆ ಕಟ್ಟುವ ಪಾಕೀಟು ಎಲ್ಲ ಇದ್ದವು. ತರಗತಿಗೆ ಬರುವ ಪುರುಸೊತ್ತು ಮಾತ್ರ ಇರಲಿಲ್ಲ. ಬಂದಾಗಲೂ ಹುಲ್ಲಿನ ಪೆಂಡಿಯ ಮೇಲೆ ಒರಗಿ, "ಮ್ಯಾಡಂ, ಇದೆಲ್ಲಾ ಬ್ರಿಟಿಷರ ಕಾಲದ ಉದ್ಯೋಗ ನೋಡ್ರಿ," ಎನ್ನುತ್ತಿದ್ದ.

"ಬ್ರಿಟಿಷರು ಮನಿ ಮುಟ್ಟಿದ್ರು," ಎನ್ನುತ್ತಿದ್ದರು ಮ್ಯಾಡಂ.

ಮನಿಷಾ ಮೂರು ವಾರ ಬಿಟ್ಟೂಬಿಡದೆ ಕಲಿತಳು. ನಕ್ಷೆಯ ಮೇಲಿನ ಚೌಕುಳಿ ಅವಳಿಗೆ ಮೊದಲ ದಿನವೇ ಒಲಿಯಿತು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ನಡುವಿನ ಒಂದು ಮನೆ ಒಂದು ಕಿಲೋಮೀಟರ್. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಬಯಲು. ನೀಲಿ ಚುಕ್ಕೆ ಬಾವಿ. ದೂರ ಅಳೆಯುವುದಕ್ಕೆ ಕುದುರೆಯ ಎಡ ಮುಂಗಾಲು ಎಷ್ಟು ಸಲ ನೆಲಕ್ಕೆ ಬಿತ್ತೆಂದು ಎಣಿಸಬೇಕು. ಇದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ನಾಲ್ಕು ಮಗ್ಗಗಳ ಗದ್ದಲದ ನಡುವೆ ಯಾವ ಮಗ್ಗ ಒಂದು ಏಟು ತಪ್ಪಿತೆಂದು ನಿದ್ದೆಯಲ್ಲೇ ಹೇಳುವ ಮನೆಯಲ್ಲಿ ಬೆಳೆದವಳು. ಅವಳ ಕಿವಿ ತಾನೇ ಎಣಿಸುತ್ತಿತ್ತು, ಬಾಯಿ ಬೇರೆಯವರೊಡನೆ ಮಾತಾಡುತ್ತಿದ್ದರೂ.

ಪರೀಕ್ಷೆಯ ದಿನ ಮುಂಜಾನೆ ಗಡಹಿಂಗ್ಲಜದ ಕ್ಯಾಂಪಿನಲ್ಲಿ ಟೆಂಪೋದಿಂದ ಇಳಿದದ್ದು ಎರಡೇ ಕುದುರೆ. ಉಳಿದವಕ್ಕೆ ಕೆಮ್ಮು ಹತ್ತಿತ್ತು. ಒಂದು ಶೌರ್ಯ, ಎತ್ತರದ ಕೆಂಪು ಗಂಡು. ಅದು ನಿಲೇಶನ ಪಾಲಿಗೆ ಹೋದದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಇನ್ನೊಂದು ಸರಪಂಚ ಎಂಬ ಗಿಡ್ಡ ಹೆಣ್ಣು ಕುದುರೆ. ಸಾಹೇಬರು ಅದನ್ನು ಮಳೆಗಾಲದ ಮುಂಚೆ ಜೋತಿಬಾ ಎಂಬ ಕುರುಬನಿಂದ ಕೊಂಡು ತಂದಿದ್ದರು. ಜೋತಿಬಾನ ಮನೆಯವರು ಕುರಿ ಹಿಂಡಿನೊಂದಿಗೆ ಊರೂರು ತಿರುಗುವಾಗ ಗಂಟು, ಗಡಿಗೆ, ಕೋಳಿ ಬುಟ್ಟಿ, ಕೂಸುಗಳನ್ನು ಹೊತ್ತು ಒಂಬತ್ತು ವರ್ಷ ನಡೆದ ಕುದುರೆ ಅದು. ಸರಪಂಚ ಎಂದು ಹೆಸರಿಟ್ಟವರೂ ಅವರೇ. ಯಾಕೆಂದು ಸಾಹೇಬರು ಕೇಳಿರಲಿಲ್ಲ. ಕ್ಲಬ್ಬಿನ ಮೈದಾನದಲ್ಲಿ ಅದು ಎಂದೂ ಒಂದು ತಂಟೆ ಮಾಡಿರಲಿಲ್ಲ.

ಫೋನುಗಳನ್ನು ಮ್ಯಾಡಂ ಸ್ಟೀಲಿನ ಡಬ್ಬಿಯೊಳಗೆ ಹಾಕಿ ಮುಚ್ಚಿದರು.

"ಮೂರು ಜಾಗದಾಗ ಹಲಗಿ ನೆಟ್ಟೇನಿ. ಪಾಳು ಪಂಪ್ ಹೌಸ್, ಗುಡ್ಡದ ನೆತ್ತಿ, ಕೆರಿ ಒಡ್ಡು. ಹಲಗಿ ಮ್ಯಾಲಿನ ಅಕ್ಷರ ಬರಕೊಂಡು ಇಲ್ಲೇ ವಾಪಸ್ ಬರೂದು. ಹನ್ನೊಂದು ಕಿಲೋಮೀಟರ್. ಒಂಬತ್ತಕ್ಕ ಬಿಡ್ತೇನಿ, ಹನ್ನೆರಡಕ್ಕ ಇಲ್ಲಿರಬೇಕು. ಕಂಪಾಸ್ ಹತ್ರ ಕಬ್ಬಿಣ, ಮ್ಯಾಗ್ನೆಟ್ ಏನೂ ಬರಬಾರ್ದು. ಹನ್ನೆರಡು ದಾಟಿ ಒಂದ್ ನಿಮಿಷಾದ್ರೂ ಫೇಲ್."

ಶೌರ್ಯ ನಾಗಾಲೋಟದಲ್ಲಿ ಹೋಯಿತು. ಸರಪಂಚ ನಡೆದು ಹೋಯಿತು. ಮನಿಷಾಗೆ ಅವಸರವಿರಲಿಲ್ಲ. ನಡಿಗೆಯಲ್ಲೇ ಎರಡು ತಾಸು ಸಾಕೆಂದು ಲೆಕ್ಕ ಹಾಕಿದ್ದಳು. ಎಡ ಮುಂಗಾಲು ಅರವತ್ತಾರು ಸಲ ಬಿದ್ದರೆ ನೂರು ಮೀಟರ್. ಒಂಬತ್ತು ಅರವತ್ತಾರು ಮುಗಿದು ಹತ್ತನೆಯದು ನಡೆದಿತ್ತು, ಸೋಯಾ ಕಿತ್ತು ಬಯಲಾಗಿದ್ದ ಒಂದು ಹೊಲದ ನಡುವೆ ಸರಪಂಚ ನಿಂತಿತು.

ಮನಿಷಾ ಹಿಮ್ಮಡಿ ಒತ್ತಿದಳು. ನಾಲಿಗೆ ಲೊಚಗುಟ್ಟಿದಳು. ಇಳಿದು ಲಗಾಮು ಜಗ್ಗಿದಳು. ಕ್ಷಮೆ ಕೇಳಿದಳು. ಕುದುರೆ ಆಫೀಸಿನ ಕುರ್ಚಿಯಲ್ಲಿ ಕೂತವರಂತೆ ಎದುರಿಗೆ ನೋಡುತ್ತ ನಿಂತೇ ಇತ್ತು.

ಬದುವಿನ ಕಡೆಯಿಂದ ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬ ಮುದುಕ ಬಂದ. ಹೊಲದ ಒಡೆಯ ಹಣಮಪ್ಪ.

"ಬಂದ್ರೇನವಾ," ಎಂದ ಬಹಳ ಖುಷಿಯಿಂದ. "ಈ ಸಲ ಲಗೂ ಬಂದ್ರಿ. ಕುರಿ ಎಲ್ಲಿ, ಹಿಂದ ಬರಾಕತ್ತಾವೇನು?"

"ಯಾವ ಕುರಿರಿ ಕಾಕಾ?"

"ಯಾವ ಕುರಿ ಅಂದ್ರ? ಜೋತಿಬಾನ ಕುರಿ. ಈ ಕುದುರಿ ಮುಂದ ಬಂತಂದ್ರ ಕುರಿ ಹಿಂದ ಬರಬೇಕಲ್ಲಾ."

ಮನಿಷಾ ತಾನು ಯಾರು, ಏನು ಪರೀಕ್ಷೆ, ಎಲ್ಲ ಹೇಳಿದಳು. ನಕ್ಷೆಯನ್ನೂ ತೋರಿಸಿದಳು. ಹಣಮಪ್ಪ ಎಲ್ಲ ಕೇಳಿಕೊಂಡು, ನಂಬದೆ, ಕುದುರೆಯ ಕುತ್ತಿಗೆ ತಟ್ಟಿದ. ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಜೋತಿಬಾ ಇದೇ ದಾರಿಯಲ್ಲಿ ಬಂದು, ಒಬ್ಬೊಬ್ಬರ ಹೊಲದಲ್ಲಿ ಒಂದೆರಡು ದಿನ ಹಿಂಡು ನಿಲ್ಲಿಸುತ್ತಿದ್ದ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಜೋಳದ ಚೀಲ ಕುರುಬನಿಗೆ. ಹೆಂಗಸರು ಕುದುರೆಯೊಂದಿಗೆ ಮುಂದೆ ಬಂದು ಅಡುಗೆಗೆ ಹೂಡುವುದು, ಗಂಡಸರು ಕುರಿಯೊಂದಿಗೆ ಹಿಂದೆ ಬರುವುದು ವಾಡಿಕೆ. ಹಾಗಾಗಿ ಹಣಮಪ್ಪನ ಕಣ್ಣಿಗೆ ಕುದುರೆ ಕಂಡಿತು, ಹೆಣ್ಣುಮಗಳು ಕಂಡಳು. ಉಳಿದದ್ದು ಬರೀ ಕುರಿ.

"ಅದೆಲ್ಲಾ ಇರಲಿ ಕಾಕಾ. ಇದು ಯಾಕ ಮುಂದ ಹೋಗವಲ್ದು?"

"ಗಂಟ ಇಳಸ್ದ ಹೆಂಗ ಹೋಗ್ತೈತಿ? ಇದು ಅದರ ಮುಕ್ಕಾಂ. ಬಂದ ಸರಪಂಚಗ ಮಾನಪಾನ ಆಗಬೇಕಲ್ಲಾ."

ಮನಿಷಾ ಜೀನು ಬಿಚ್ಚಿದಳು, ಚೀಲ ಇಳಿಸಿದಳು. ಕುದುರೆ ಅಲುಗಲಿಲ್ಲ. "ಒಲಿ ಹೂಡು," ಎಂದ ಹಣಮಪ್ಪ. ಅವಳು ಮೂರು ಕಲ್ಲು ಆಯ್ದು ತಂದು ಒಲೆಯಂತೆ ಇಟ್ಟಳು. ಸರಪಂಚ ಆ ಕಲ್ಲುಗಳನ್ನು ಒಮ್ಮೆ ಮೂಸಿ, ಮಣ್ಣಿನಲ್ಲಿ ನಾಲ್ಕು ಉರುಳು ಉರುಳಿ, ಎದ್ದು, ಮೈ ಝಾಡಿಸಿ, ಒಂದು ಬಾಯಿ ಹುಲ್ಲು ತಿಂದಿತು. ಮತ್ತೆ ಜೀನು ಬಿಗಿದಾಗ ಏನೂ ಆಗಿಲ್ಲವೆಂಬಂತೆ ಹೆಜ್ಜೆ ಹಾಕಿತು. ಹನ್ನೆರಡು ನಿಮಿಷ ಹೋಗಿದ್ದವು.

ಹಣಮಪ್ಪ ಹಿಂದೆಯೇ ಬಂದ.

"ನೀವ್ಯಾಕ್ರಿ?"

"ಹೋದ ವರ್ಷ ಜೋತಿಬಾ ಮೂರ ದಿನ ಅಂದು ಒಂದ ದಿನ ನಿಲ್ಲಿಸಿ ಹೋಗ್ಯಾನ. ಈ ಸಲ ಅವನ ಮಾರಿ ನೋಡದ ನಾ ಬಿಡೂದಿಲ್ಲ. ನೀ ನಡಿ, ನಂದ್ ನಂಗ ಬಿಡು."

ಪಂಪ್ ಹೌಸಿನ ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ 'ಠ' ಎಂದು ಬರೆದಿತ್ತು. ಮನಿಷಾ ಬರೆದುಕೊಂಡಳು. ಅಲ್ಲಿಂದ ಉತ್ತರಕ್ಕೆ, ಗುಡ್ಡಕ್ಕೆ. ಸೂರ್ಯ ಬಲ ಹೆಗಲ ಹಿಂದೆ ಇದ್ದ, ದಿಕ್ಸೂಚಿಯ ಮುಳ್ಳು ಎದುರಿಗೆ. ಎಲ್ಲ ಪುಸ್ತಕದಲ್ಲಿದ್ದಂತೆಯೇ ಇತ್ತು, ಎರಡನೇ ಮುಕ್ಕಾಂ ಬರುವ ತನಕ.

ಎರಡನೆಯದು ನಾಗೂಬಾಯಿಯ ಹೊಲ. ಮನಿಷಾ ಈ ಸಲ ಜಾಣೆಯಾಗಿದ್ದಳು. ಕುದುರೆ ನಿಂತ ಕೂಡಲೇ ಇಳಿದು, ಜೀನು ಬಿಚ್ಚಿ, ಕಲ್ಲು ಹುಡುಕತೊಡಗಿದಳು. ಅದನ್ನು ದೂರದಿಂದ ನೋಡಿದ ನಾಗೂಬಾಯಿಗೆ ಯಾವ ಸಂಶಯವೂ ಉಳಿಯಲಿಲ್ಲ.

"ಜೋತಿಬಾನ ಹೊಸಾ ಸೊಸಿ ಅಲ್ಲಾ ನೀ?" ಎಂದಳು ಬಂದು.

"ಅಲ್ರಿ ಅತ್ತಿ."

"ನಾಚಕೋಬ್ಯಾಡ. ಮದವಿ ಆತಂತ ಕೇಳಿದ್ದೆ. ತಲಿ ಮ್ಯಾಲ ಇದೇನಿದು, ಗಡಿಗಿ?"

"ಹೆಲ್ಮೆಟ್ರಿ. ನಂದ್ ಮದವಿ ಆಗಿಲ್ರಿ. ನಂಗ ಹನ್ನೆರಡಕ್ಕ ಪರೀಕ್ಷಾ ಮುಗಸ್ಬೇಕು."

"ನಮ್ಮ ಹೊಲಕ್ಕ ಮೊದಲನೇ ಸಲ ಬಂದ ಸೊಸಿನ ಉಡಿ ತುಂಬದ ಕಳಸೂದಿಲ್ಲ. ಐದ ನಿಮಿಷ ನಿಂದ್ರು."

"ನಿಂದ್ರವಾ," ಎಂದ ಹಣಮಪ್ಪನೂ. "ಇಲ್ಲಾಂದ್ರ ಆಕಿ ಊರ್ ತುಂಬಾ ಹೇಳ್ಕೋತ ತಿರಗ್ತಾಳ."

ಐದು ನಿಮಿಷ ಹದಿನೇಳಾಯಿತು. ನಾಗೂಬಾಯಿ ಗುಡಿಸಲಿನಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಒಂದು ಹಸಿರು ಖಣ ತಂದಳು. ಉಡಿ ಒಡ್ಡುವುದಕ್ಕೆ ಸೆರಗಿಲ್ಲ, ಪ್ಯಾಂಟು. ನಾಗೂಬಾಯಿ ಹಣಮಪ್ಪನ ಹೆಗಲಿನ ಟವೆಲ್ ಕಸಿದು ಮನಿಷಾಳ ಸೊಂಟಕ್ಕೆ ಕಟ್ಟಿ, ಅದರೊಳಗೆ ಎಲ್ಲ ತುಂಬಿದಳು. ಹೆಲ್ಮೆಟ್ ಹಿಂದಕ್ಕೆ ಸರಿಸಿ ಕುಂಕುಮ ಇಟ್ಟಳು. ಗಂಡನ ಹೆಸರು ಹೇಳು ಎಂದು ಪೀಡಿಸಿದಳು. ಮನಿಷಾ ಬೇರೆ ದಾರಿ ಕಾಣದೆ, "ನಿಲೇಶ," ಎಂದಳು. ಆ ಕ್ಷಣಕ್ಕೆ ನೆನಪಾದದ್ದು ಅದೊಂದೇ ಹೆಸರು, ಅದಕ್ಕಾಗಿ ಅವಳು ಆಮೇಲೆ ಎರಡು ದಿನ ತನ್ನನ್ನೇ ಬೈದುಕೊಂಡಳು.

ಹೊರಟಾಗ ನಾಗೂಬಾಯಿಯೂ ಜೊತೆಗೂಡಿದಳು. ಹಣಮಪ್ಪನ ಹೊಲಕ್ಕೆ ಮೊದಲು ಕುರಿ ಹೋಗುವುದನ್ನು ತಾನೇ ಎದುರಿಗಿದ್ದು ತಡೆಯಬೇಕಿತ್ತಂತೆ.

ಗುಡ್ಡದ ನೆತ್ತಿಯ ಮೇಲೆ 'ಳ' ಸಿಕ್ಕಿತು. ಹತ್ತೂವರೆ. ಇಳಿದು ಬಂದು ಮೂರನೇ ಮುಕ್ಕಾಮಿನಲ್ಲಿ ಜೀನು ಬಿಚ್ಚುವಾಗ ಮನಿಷಾಗೆ ಅಳುವೊಂದು ಬಾಕಿ. ಪ್ರತಿ ಮುಕ್ಕಾಮಿಗೂ ಹೀಗೇ ಹೊತ್ತು ಹೋದರೆ ಹನ್ನೆರಡಾಗುತ್ತದೆ, ಒಂದಾಗುತ್ತದೆ. ಸೋಮವಾರ ಆಗುತ್ತದೆ, ಕಾಂಡಿ ಮಷೀನು ಆಗುತ್ತದೆ. ಇಡೀ ದಿನ ಗೋಡೆಗೆ ಮುಖ ಮಾಡಿ ಕೂತು, ತುಂಬಿದ ಕಾಂಡಿ ತೆಗೆದು ಖಾಲಿ ಕಾಂಡಿ ಸಿಕ್ಕಿಸುವುದು. ಅಕ್ಕ ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಒಳ್ಳೆಯವಳು, ಆದರೆ ಕಿಟಕಿಯಾಚೆ ಏನಿದೆ ಎಂದು ಕೇಳಿದರೆ ಇನ್ನೊಂದು ಶೆಡ್ಡು ಎನ್ನುತ್ತಾಳೆ.

ಕಲ್ಲು ಹೂಡುತ್ತ ಮನಿಷಾ ನಕ್ಷೆಯನ್ನು ಪಕ್ಕದಲ್ಲಿ ಹರವಿದಳು. ಹಣಮಪ್ಪನ ಹೊಲ ಇಲ್ಲಿ. ನಾಗೂಬಾಯಿಯದು ಇಲ್ಲಿ. ಇದು ಇಲ್ಲಿ. ಮೂರಕ್ಕೂ ಪೆನ್ಸಿಲಿನಿಂದ ಗುರುತು ಹಾಕಿದಳು. ಆಗ ಅವಳಿಗೆ ಮೊದಲ ಸಲ ನಕ್ಷೆ ಮಾತಾಡಿದಂತಾಯಿತು. ಮೂರೂ ಕಡೆ ಕಂದು ಗೆರೆಗಳು ದೂರದೂರ, ಎಂದರೆ ಸಪಾಟು ನೆಲ. ಮೂರೂ ಕಡೆ ಹತ್ತಿರದಲ್ಲಿ ನೀಲಿ ಚುಕ್ಕೆ, ಬಾವಿ. ಮೂರೂ ಹೊಲ ಊರಿಂದ ಸರಿಯಾಗಿ ಅರ್ಧ ಕಿಲೋಮೀಟರ್ ಆಚೆ, ನಾಯಿಗಳ ಕಾಟ ಇಲ್ಲದ ಕಡೆ. ಒಂದು ಹಿಂಡು ಇಳಿಯುವ ಜಾಗಕ್ಕೆ ಇಷ್ಟು ಬೇಕು. ಹಾಗಾದರೆ ಮುಂದಿನದು?

ಮುಂದೆ ಅಂಥ ಜಾಗಗಳು ಎರಡೇ ಇದ್ದವು. ಒಂದು ಆಗ್ನೇಯಕ್ಕೆ, ನದಿಯ ಕಡೆ. ಇನ್ನೊಂದು ಕೆರೆಯ ಒಡ್ಡಿನ ಬುಡದಲ್ಲಿ. ಎರಡನೆಯದು ಅವಳ ದಾರಿ. ಅದರ ನಂತರ ಕ್ಯಾಂಪಿನ ತನಕ ಬರೀ ಕಬ್ಬು, ಬಾವಿಯಿಲ್ಲ, ಬಯಲಿಲ್ಲ, ನಿಲ್ಲುವ ಮಾತೇ ಇಲ್ಲ.

"ಕಾಕಾ, ಇಲ್ಲಿಂದ ಸಾವಿರದ ನಾಕನೂರು ಮೀಟರಿಗೆ ಕುದುರಿ ಮತ್ತ ನಿಂದರ್ತೈತಿ ನೋಡ್ರಿ. ಕೆರಿ ಕೆಳಗ, ಬಾಂವಿ ಹತ್ರ," ಎಂದಳು, ನಕ್ಷೆಯ ಮೇಲೆ ಬೆರಳಿಟ್ಟು.

ಅವಳು ಲಗಾಮನ್ನು ಕೆರೆಯ ಕಡೆ ತಿರುಗಿಸಿದಳು. ಸರಪಂಚ ಒಮ್ಮೆ ನದಿಯ ಕಡೆ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಒಪ್ಪಿತು. ಮನಿಷಾ ಎಣಿಸಿದಳು. ಹದಿಮೂರು ಅರವತ್ತಾರು ಮುಗಿದು ಹದಿನಾಲ್ಕನೆಯದರಲ್ಲಿ ನಲವತ್ತು ಆಗುವಾಗ ಕುದುರೆ ವೇಗ ತಗ್ಗಿಸಿ, ಬಾವಿಯ ಪಕ್ಕ ನಿಂತಿತು. ಮನಿಷಾ ಜೀನಿನ ಮೇಲೆಯೇ ಎರಡೂ ಕೈ ಎತ್ತಿದಳು. ಅರ್ಧ ಅಕ್ಕಿ ಚೆಲ್ಲಿತು.

"ಹೇಳಿದ್ನಿಲ್ರಿ ಕಾಕಾ?"

"ಅದು ಎಲ್ಲಾರಿಗೂ ಗೊತ್ತಿದ್ದದ್ದ," ಎಂದ ಹಣಮಪ್ಪ. "ಕೇಳಿದ್ರ ನಾನ ಹೇಳ್ತಿದ್ದೆ."

ನಾಲ್ಕನೇ ಮುಕ್ಕಾಮಿನ ಒಡೆಯ ದೀಪಕ ಎಂಬ ತರುಣ. ಮೋಟರ್‌ಸೈಕಲ್ ನಿಲ್ಲಿಸಿ, ಕುದುರೆಯನ್ನು ನೋಡಿ, ಹಣಮಪ್ಪನನ್ನು ನೋಡಿ, ಕೂಡಲೇ ಜಗಳಕ್ಕೆ ನಿಂತ. ಜೋತಿಬಾ ಈ ವರ್ಷ ಮೊದಲು ತನಗೇ ಮಾತು ಕೊಟ್ಟಿದ್ದಾನೆಂದು ಅವನ ವಾದ.

"ನಿಂಗ ಮಾತ ಕೊಟ್ಟಾನ, ನಂಗ ಕುದುರಿ ಕಳಿಸ್ಯಾನ," ಎಂದ ಹಣಮಪ್ಪ. "ಯಾವದು ದೊಡ್ಡದು?"

"ಇಬ್ಬರೂ ಸುಮ್ಕ ಇರ್ರಿ. ಸೊಸಿ ಉಡಿ ತುಂಬಿದ್ದು ನಾ," ಎಂದಳು ನಾಗೂಬಾಯಿ.

ಮನಿಷಾ ಕಲ್ಲು ಹೂಡಿ ಮುಗಿಸಿ, ಒಡ್ಡಿನ ಮೇಲೆ ಹತ್ತಿ ಮೂರನೇ ಹಲಗೆಯ 'ಙ' ಬರೆದುಕೊಂಡು, ಇಳಿದು ಬಂದು ಜೀನು ಬಿಗಿದು ಹತ್ತಿದಳು. ಹನ್ನೊಂದೂ ನಲವತ್ತು. ಕ್ಯಾಂಪ್ ಎರಡು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಸರಪಂಚನಿಗೆ ಓಡುವುದೆಂದರೆ ಏನೆಂದು ಗೊತ್ತಿರಲಿಲ್ಲ. ಒಂಬತ್ತು ವರ್ಷ ಬೆನ್ನ ಮೇಲೆ ಗಡಿಗೆ ಹೊತ್ತದ್ದಕ್ಕೆ ಅದು ಗೊತ್ತಿರಲೂಬಾರದು. ಕಬ್ಬಿನ ನಡುವಿನ ಗಾಡಿ ದಾರಿಯಲ್ಲಿ ಒಂದೇ ಲಯದಲ್ಲಿ ನಡೆಯಿತು. ಹಿಂದೆ ಮೂವರು ರೈತರು, ಒಂದು ಮೋಟರ್‌ಸೈಕಲ್, ಒಂದು ಜಗಳ.

ಕ್ಯಾಂಪು ಮುಟ್ಟಿದಾಗ ಹನ್ನೆರಡೂ ಒಂಬತ್ತು.

ಪ್ರೇರಣಾ ಮ್ಯಾಡಂ ಗಡಿಯಾರ ನೋಡಿದರು, ಕಾಗದ ಇಸಿದುಕೊಂಡರು. ಮೂರು ಅಕ್ಷರವೂ ಸರಿ. ನಕ್ಷೆಯ ಮೇಲಿನ ನಾಲ್ಕು ಪೆನ್ಸಿಲ್ ಗುರುತುಗಳನ್ನು ನೋಡಿ ಏನೆಂದು ಕೇಳಿದರು. ಮನಿಷಾ ಹೇಳಿದಳು. ಮ್ಯಾಡಂ ಬಹಳ ಹೊತ್ತು ನೋಡಿದರು.

"ಭಾಳ ಛಲೋ ಓದೀದಿ," ಎಂದರು. "ಫೇಲ್."

"ಒಂಬತ್ತ ನಿಮಿಷರಿ ಮ್ಯಾಡಂ."

"ಹೌದು. ಒಂಬತ್ತು ನಿಮಿಷ."

ಮನಿಷಾಗೆ ಸಿಟ್ಟು ಬರಲಿಲ್ಲ. ಅವಳು ಮಗ್ಗದ ಮನೆಯವಳು. ಒಂದು ಎಳೆ ತಪ್ಪಿದರೆ ಬಟ್ಟೆಯ ಇಡೀ ಥಾನು ಕಳಪೆ ಮಾಲೆಂದು ಸೆಕೆಂಡ್ಸಿಗೆ ಹೋಗುವುದನ್ನು ನೋಡಿದ್ದಳು. ಟವೆಲಿನ ಗಂಟು ಬಿಚ್ಚಲು ಹೊರಟಾಗ ಅವಿನಾಶ ಸಾಹೇಬರು ಟೆಂಪೋದ ಹಿಂದಿನಿಂದ ಓಡಿ ಬಂದರು. ಕಿವಿಗೆ ಫೋನ್ ಇತ್ತು, ಮುಖ ಬೆವೆತಿತ್ತು.

"ನಿಲೇಶ ಯಾರದೋ ಫೋನಿಂದ ಮಾಡ್ಯಾನ. ಎಲ್ಲದೇನಿ ಗೊತ್ತಾಗವಲ್ದು ಅಂತಾನ. ಎಲ್ಲಿ ನೋಡಿದ್ರೂ ಕಬ್ಬ ಐತಂತ. ಫೋನಿನ ಒಡೆಯಾ ದನಾ ಬಿಟ್ಕೊಂಡ ಹೋಗಾಂವ ಅಂತ, ಗಡಬಡ ಮಾಡಾಕತ್ತಾನ. ಶೌರ್ಯಾಗ ನೀರಿಲ್ಲ. ಯಾರ್ ಹೋಗಿ ಹುಡಕಬೇಕ ಈಗ?"

ಸುತ್ತಲೂ ಆಳೆತ್ತರದ ಕಬ್ಬು, ಯಾವ ದಿಕ್ಕಿಗೆ ನೋಡಿದರೂ ಒಂದೇ ಹಸಿರು.

"ಗೈಡ್ ಹೋಗ್ಬೇಕ್ರಿ," ಎಂದಳು ಮನಿಷಾ. "ಕ್ಲಬ್ಬಿಗೆ ಗೈಡ್ ಅದಾರೇನ್ರಿ?"

ಸಾಹೇಬರು ಮ್ಯಾಡಂ ಕಡೆ ನೋಡಿದರು. ಮ್ಯಾಡಂ ಆಕಾಶ ನೋಡಿದರು.

"ಆತವಾ, ನೀನ ಗೈಡ್. ಹೋಗು."

"ಬರದ ಕೊಡ್ರಿ."

"ಈಗೇನ್ ಬರಕೋತ ಕುಂದರ್ಲೇನ್?"

"ನಾಳೆ ಸೋಮವಾರರಿ ಸಾಹೇಬ್ರ. ನಮ್ಮಪ್ಪ ಕಾಂಡಿ ಮಷೀನ್ ಹಿಡದಾನ. ಬಾಯಿಮಾತ ಅಂವ ನಂಬೂದಿಲ್ಲ."

ಪರೀಕ್ಷೆಯ ಕಾಗದದ ಹಿಂಬದಿಯಲ್ಲಿ ಸಾಹೇಬರು ಅವಸರವಸರವಾಗಿ ಬರೆದರು: ಮನಿಷಾ ಇವರು ಇಂದಿನಿಂದ ಟ್ರೇಲ್ ಗೈಡ್. ಸಹಿ ಹಾಕಿದರು. ಮ್ಯಾಡಂ ಅದರ ಕೆಳಗೆ ತಾವೂ ಸಹಿ ಹಾಕಿ, 'ಪರೀಕ್ಷೆಯಲ್ಲಿ ಒಂಬತ್ತು ನಿಮಿಷ ತಡ' ಎಂದು ಸೇರಿಸಿದರು. ಸುಳ್ಳು ಬರೆಯುವುದು ಅವರ ಜಾಯಮಾನದಲ್ಲಿರಲಿಲ್ಲ.

ಮನಿಷಾ ಕಾಗದ ಮಡಚಿ ಉಡಿಯಲ್ಲಿಟ್ಟುಕೊಂಡು ಫೋನ್ ಇಸಿದುಕೊಂಡಳು.

"ನಿಲೇಶ, ಸುತ್ತ ಏನೈತಿ ಹೇಳಬ್ಯಾಡ. ಕೇಳಿದ್ದಷ್ಟ ಹೇಳು. ಪಂಪ್ ಹೌಸ್ ಸಿಕ್ಕಿತ್ತು?"

"ಸಿಕ್ಕಿತ್ತು. ಅಲ್ಲಿಂದ ಉತ್ತರಕ್ಕ ಬಂದೇನಿ, ಕಂಪಾಸ್ ನೋಡಕೋತ."

"ಆವಾಗ ಬಿಸಲು ಎಲ್ಲಿ ಬೀಳಾಕತ್ತಿತ್ತು?"

"ಕಣ್ಣಾಗ. ಒಂದ್ ತಾಸ ಕಣ್ಣ ಬಿಡಾಕ ಆಗಲಿಲ್ಲ."

"ನದಿ ದಾಟೀದೇನು?"

"ಇಲ್ಲಾ."

"ಈಗ ಏನಾರ ವಾಸನಿ ಬರಾಕತ್ತೈತಿ?"

ಆ ಕಡೆ ಮೂಸುವ ಸದ್ದು ಕೇಳಿಸಿತು. "ಬೆಲ್ಲದ ವಾಸನಿ," ಎಂದ ನಿಲೇಶ. ಅಷ್ಟರಲ್ಲಿ ದನದವನು ಫೋನ್ ಕಸಿದುಕೊಂಡ.

ಮುಂಜಾನೆ ಹತ್ತರ ಬಿಸಿಲು ಕಣ್ಣಿಗೆ ಹೊಡೆದಿದೆ ಎಂದರೆ ಹೋದದ್ದು ಉತ್ತರಕ್ಕಲ್ಲ, ಆಗ್ನೇಯಕ್ಕೆ. ಮನಿಷಾ ಪಂಪ್ ಹೌಸಿನಿಂದ ಆ ದಿಕ್ಕಿಗೆ ಗೆರೆ ಎಳೆದಳು. ಗೆರೆ ಹಿರಣ್ಯಕೇಶಿ ನದಿಯ ದಂಡೆಗೆ ಹೋಗಿ ನಿಂತಿತು. ನದಿ ದಾಟಿಲ್ಲ, ಹಾಗಾದರೆ ದಂಡೆಯ ಈಚೆ. ಬೆರಳಿಟ್ಟು ರೈತರ ಕಡೆ ತಿರುಗಿದಳು.

"ಇಲ್ಲಿ ನದಿ ದಂಡಿಗೆ ಬೆಲ್ಲ ತಗಿಯೂ ಗಾಣ ಯಾರದೈತ್ರಿ?"

"ಗುಂಡೂಂದು," ಎಂದರು ಮೂವರೂ ಒಟ್ಟಿಗೆ. ಅಂದು ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಗುಂಡುವಿನ ಹೊಲ ಸರಪಂಚನ ಮುಕ್ಕಾಮೇ ಆಗಿತ್ತು, ನದಿಯ ಕಡೆಯದು. ಕುದುರೆ ಕಿವಿ ನೆಟ್ಟಗೆ ಮಾಡಿಕೊಂಡು, ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದೆ ಎಂಬಂತೆ ನಡೆಯಿತು. ಒಂದು ತಾಸಿಗೆ ಮನಿಷಾ ಗಾಣದ ಹೊಗೆ ಕಂಡಳು. ಶೌರ್ಯ ಹೊಂಡದಲ್ಲಿ ಮೂತಿ ಇಳಿಸಿ ನೀರು ಕುಡಿಯುತ್ತಿತ್ತು. ಬೆಲ್ಲದ ವಾಸನೆ ಹಿಡಿದು ಅಲ್ಲಿಗೆ ಬಂದಿದ್ದ ನಿಲೇಶ ಕಬ್ಬಿನ ರವದಿಯ ರಾಶಿಯ ಮೇಲೆ ಕೂತು, ಕೈತುಂಬ ಬಿಸಿ ಬೆಲ್ಲ ಅಂಟಿಸಿಕೊಂಡು, ಅದನ್ನು ಎಲ್ಲಿ ಒರೆಸಬೇಕೆಂದು ನೋಡುತ್ತಿದ್ದ.

"ನಾ ದಾರಿ ತಪ್ಪಿಲ್ಲ," ಎಂದ ಮೊದಲಿಗೆ. "ಕಂಪಾಸ್ ಹೇಳಿದಂಗ ಬಂದೇನಿ. ಯಾವ ಕಡೆ ತಿರಗಿದ್ರೂ ಅದು ಮುಂದಕ್ಕ ಉತ್ತರ ಅಂತಿತ್ತು."

ಮನಿಷಾ ಅವನ ಎದೆಯ ಪಾಕೀಟಿನ ಹತ್ತಿರ ತನ್ನ ದಿಕ್ಸೂಚಿ ಹಿಡಿದಳು. ಮುಳ್ಳು ಗಿರ್ರನೆ ತಿರುಗಿ, ಬಾಲವನ್ನು ಪಾಕೀಟಿನ ಗುಂಡಿಗೆ ಕೊಟ್ಟು, ಉತ್ತರದ ತುದಿಯನ್ನು ನಿಲೇಶನ ಮುಂದಕ್ಕೆ ಚಾಚಿತು. ಮುಚ್ಚಿದರೆ ತಾನೇ ಅಂಟಿಕೊಳ್ಳುವ ಅಯಸ್ಕಾಂತದ ಗುಂಡಿ.

"ನೀ ಮುಂಜಾನಿಯಿಂದ ನಿನ್ನ ಗುಂಡಿ ಬೆನ್ನ ಹತ್ತೀದಿ," ಎಂದಳು.

ನಿಲೇಶ ಗುಂಡಿಯನ್ನು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ ನೋಡಿದ. ಆಮೇಲೆ ಅವಳ ಹಣೆಯ ಕುಂಕುಮ, ಸೊಂಟದ ಟವೆಲ್, ಹಿಂದೆ ಏದುಸಿರು ಬಿಡುತ್ತ ಬಂದ ರೈತರನ್ನು ನೋಡಿದ. ನಾಗೂಬಾಯಿ ಅವನನ್ನು ಮೇಲಿಂದ ಕೆಳಗೆ ಅಳೆದು, "ಇಂವನ ಏನ್ ನಿಲೇಶ? ಇರಲಿ, ಬಣ್ಣ ಐತಿ," ಎಂದಳು. ಮನಿಷಾ ಕೇಳಿಸದವಳಂತೆ ಜೀನು ಬಿಚ್ಚತೊಡಗಿದಳು.

"ಮಾಮಾಗ ಈ ಗುಂಡಿದ್ ಹೇಳಬ್ಯಾಡ," ಎಂದ ನಿಲೇಶ ಮೆಲ್ಲಗೆ.

"ಕೇಳಿದ್ರ ಹೇಳ್ತೇನಿ."

"ನಿನ್ನ ಪರೀಕ್ಷಾ ಏನಾತು?"

"ಫೇಲ್."

ನಿಲೇಶನ ಮುಖ ಸ್ವಲ್ಪ ಅರಳಿತು. ಮನಿಷಾ ಉಡಿಯಿಂದ ಕಾಗದ ತೆಗೆದು, ಅದಕ್ಕಂಟಿದ್ದ ಅಕ್ಕಿಕಾಳು ಕೊಡವಿ, ಹಿಂಬದಿ ಮೇಲೆ ಮಾಡಿ ಕೊಟ್ಟಳು. ಅವನು ಬೆಲ್ಲದ ಕೈ ತಾಗದಂತೆ ಎರಡು ಬೆರಳಲ್ಲಿ ಹಿಡಿದು ಎರಡು ಸಲ ಓದಿದ.

"ಅಂದ್ರ ನೀ ಗೈಡ್."

"ಹೂಂ."

"ಹಂಗಾರ ನಾ ಏನು?"

ಮನಿಷಾ ಕಾಗದ ವಾಪಸು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಶರ್ಟಿನ ಜೇಬಿಗೆ ಹಾಕಿ ಗುಂಡಿ ಹಾಕಿದಳು.

"ನೀ ಟೂರಿಸ್ಟ್," ಎಂದಳು. "ಹೆಲ್ಮೆಟ್ ಹಾಕ್ಕೋ."